ದಂಡಿ ಮ್ಯಾಲೆ ಗಾಳ ಹಾಕಿ ಕುಂತಾಗ ನಿಮಗ ಭಾಳ ಸಂಕಟ ಆಗೋದು ಯಾವುದರಿಂದ್ರೀ? ಮೊನ್ನಿ ರವಿವಾರ ಆದದ್ದು ಹೇಳ್ತೀನಿ

ಹೆರಕಲ್_ದಂಡಿ (ಬಾಗಲಕೋಟಿ)

ನಮಸ್ಕಾರ್ರೀ ಎಲ್ಲಾರಿಗೂ. ಭಾಳ ದಿವಸದಿಂದ ಬರೀಬೇಕಂತ ಅಂತಿದ್ದೆ, ಮೊನ್ನಿ ರವಿವಾರದ್ದು ಆದ ಮ್ಯಾಲೆ ಸುಮ್ಮ ಕುಂಡ್ರಾಕ ಮನಸ ಒಪ್ಪವಲ್ದು ಅದಕ್ಕ ಬರ್ಯಾಕತ್ತೀನಿ.

ಅನಗವಾಡಿ ಬ್ರಿಜ್ಜಿನ ಆಚೀಕ ಆಲಮಟ್ಟಿ ಡ್ಯಾಮಿನ ಹಿನ್ನೀರ ದಂಡಿಗೆ ಹತ್ತ ಹನ್ನೆರಡ ವರ್ಷದಿಂದ ಗಾಳ ಹಾಕ್ಕೋತ ಬಂದೀನಿ. ಶನಿವಾರ ಸಂಜೀಕ ಆಫೀಸ್ ಬಿಟ್ಟ ಮ್ಯಾಲೆ ಹೋಗಿ ಶೇಂಗಾ ಹಿಂಡಿ, ಜ್ವಾಳದ ನುಚ್ಚು ಕೂಡಿಸಿ ಕುದಿಸಿದ್ದನ್ನ ಉಂಡಿ ಕಟ್ಟಿ ನೀರಾಗ ಒಗದು ಬಂದಿದ್ದೆ. ಮುಂಜಾನೆ ಐದೂವರಿಗೆ ಹೋಗಿ ಕುಂತೆ. ತಂಪಿತ್ತು, ಗಾಳಿ ಇರಲಿಲ್ಲ, ಬೆಂಡಿನ ಸುತ್ತಮುತ್ತ ಸಣ್ಣ ಸಣ್ಣ ಗುಳ್ಳಿ ಏಳಾಕ ಹತ್ತಿದ್ವು, ತಳದಾಗ ಮೃಗಾಲ ಮೀನ ಬಂದು ಮೇಯಾಕತ್ತಾವು ಅಂತ ನನಗ ಖಾತ್ರಿ ಆತು.

ಏಳರ ಸುಮಾರಿಗೆ ಒಂದ ಜೀಪ ಬಂತ್ರೀ, ಐದ ಮಂದಿ ಹುಡುಗ್ರು. ಈಗ ನೀರು ಹಿಂದ ಸರದೈತಲ್ಲಾ, ಸರದ ಜಾಗದಾಗ ರೈತ್ರು ಕಡ್ಲಿ ಹಾಕ್ಯಾರ, ಆ ಕಡ್ಲಿ ಮ್ಯಾಲೇ ಹಾಸಿ ಜೀಪ ಹೊಡಕೊಂಡ ನೀರಿನ ತನಕ ಬಂದ್ರು. ಸ್ಪೀಕರ್ ಇಳಿಸಿದ್ರು. ದಂಡಿ ಅಷ್ಟ ದೊಡ್ಡದೈತಿ, ಕಣ್ಣ ಹಾಯೋ ತನಕ ಖಾಲಿ ಐತಿ, ನನ್ನಿಂದ ಹತ್ತ ಫೂಟಿಗೆ ಬಂದ ಕುಂತ್ರು. ಒಬ್ಬಾಂವ ಬೀಸಿ ಒಗದದ್ದು ನನ್ನ ದಾರದ ಮ್ಯಾಲಿಂದ ಆ ಕಡೆ ಹೋಗಿ ಬಿತ್ತು, ಎರಡೂ ಸಿಕ್ಕ ಬಿದ್ವು. ತಮ್ಮಾ ತಡಿ ಬಿಡಸ್ತೀನಿ ಅಂತ ನಾ ಏಳೋದ್ರಾಗ ಅಂವ ಚಾಕು ತಗದು ಕಚಕ್ಕನ ಕೊಯ್ದ ಬಿಟ್ಟ, ಅದೂ ತಂದಲ್ಲ, ನಂದು. ಬೆಂಡು, ಸೀಸದ ಗುಂಡು ಎಲ್ಲಾ ತೇಲ್ಕೋತ ಹೋತು.

ಇಷ್ಟಾಗಿದ್ರ ನಾ ಬರೀತಿದ್ದಿಲ್ಲ. ಅವ್ರು ಹತ್ತಕ್ಕ ಎದ್ದ ಹೋದ್ರು. ಹೋಗುವಾಗ ಸಿಕ್ಕ ಬಿದ್ದ ದಾರದ ಗಂಟ ಗಾಳ ಸಮೇತ ಅಲ್ಲೇ ಒಗದು ಹೋಗ್ಯಾರ, ನಾ ಎದ್ದ ನೋಡಬೇಕಿತ್ತು, ನೋಡಲಿಲ್ಲ. ಹನ್ನೊಂದಕ್ಕ ಕುರಿ ಹೊಡಕೊಂಡ ನೀರ ಕುಡಸಾಕ ಒಬ್ಬ ಹುಡುಗ ಬಂದ, ಹತ್ತ ಹನ್ನೊಂದ ವಯಸ್ಸಿರಬೇಕು, ಜೋಡ ಕಳದು ಕೈಯಾಗ ಹಿಡಕೊಂಡ ಕೆಸರಾಗ ಇಳದ. ಒಮ್ಮಿಗೇ ಯವ್ವಾ ಅಂತ ಕುಂತ ಬಿಟ್ಟ. ಮೂರ ಮುಳ್ಳಿನ ಗಾಳ, ಪಾದದ ನಡುವಿನ ಮೆತ್ತನ ಜಾಗದಾಗ ಒಂದ ಮುಳ್ಳ ಪೂರಾ ಒಳಗ ಹೋಗೇತಿ, ಉಳದ ಎರಡು ಹೊರಗ ನಿಂತಾವು. ಅದರ ಬಾಲಕ್ಕ ಹಸರ ದಾರ, ದಾರಕ್ಕ ಅರ್ಧಾ ಒಣಗಿದ ಹಿಟ್ಟು. ಹುಡುಗ ಅಳಲಿಲ್ರೀ. ಅದನ್ನ ನೋಡ್ಕೋತ ಕುಂತಿದ್ದ, ಕುರಿ ಹೊಲಕ್ಕ ಹೋಗ್ತಾವು ಕಾಕಾ, ಕುರಿ ನೋಡ್ರಿ ಅಂತ ನನಗ ಹೇಳ್ದ.

ಇಕ್ಕಳದಿಂದ ಹೊರಗಿನ ಎರಡ ಮುಳ್ಳ ಕತ್ತರಿಸಿ, ಒಳಗಿನದಕ್ಕ ಕೈ ಹಚ್ಚಲಾರದ, ಬೈಕಿನ ಮ್ಯಾಲೆ ದವಾಖಾನಿಗೆ ಕರಕೊಂಡ ಹೋದೆ. ಡಾಕ್ಟ್ರು ಜುಮ್ಮ ಹಿಡಿಯೋ ಇಂಜೆಕ್ಷನ್ ಕೊಟ್ಟು, ಮುಳ್ಳನ್ನ ಮುಂದಕ್ಕ ನೂಕಿ ಚರ್ಮದಿಂದ ಹೊರಗ ತಗದು, ತುದಿ ಕತ್ತರಿಸಿ ಹಿಂದ ಎಳದ್ರು. ಮ್ಯಾಲೆ ಟಿಟಿ ಇಂಜೆಕ್ಷನ್.

ಅವತ್ತಿಂದ ನನಗ ಗಾಳ ಹಾಕಾಕ ಮನಸ ಬರವಲ್ದು. ನಿಮಗೂ ಇಂಥಾದ್ದು ಆಗಿರತೈತಿ, ಬರೀರಿ.

---

ಗೋಕಾಕ_ಗಾಳ

ಓದಿ ಹೊಟ್ಟ್ಯಾಗ ಸಂಕಟ ಆತ್ರೀ ಅಣ್ಣಾರ. ಹುಡುಗ ಈಗ ಹೆಂಗ ಅದಾನ?

---

ಹೆರಕಲ್_ದಂಡಿ

ಆರಾಮ ಅದಾನ್ರೀ. ನಿನ್ನಿ ಫೋನ್ ಮಾಡಿದ್ದೆ, ಅವರಪ್ಪ ಕುರಿ ಕಾಯಾಕ ಹೋಗ್ಯಾನ, ಇಂವ ಮನ್ಯಾಗ ಕುಂತಾನ.

---

ಗೋಕಾಕ_ಗಾಳ

ನಮ್ಮ ಕಡೆದೂ ಹೇಳ್ತೀನಿ ಕೇಳ್ರಿ. ಹಿಡಕಲ್ ಡ್ಯಾಮಿನ ಹಿನ್ನೀರು, ಹುಕ್ಕೇರಿ ಕಡೆ ದಂಡಿ. ಐದ ಆರ ವರ್ಷದ ಹಿಂದ ಅಲ್ಲಿ ನಾವು ನಾಕ ಮಂದಿ ಬಿಟ್ರ ಯಾರೂ ಬರ್ತಿದ್ದಿಲ್ಲ. ಒಬ್ಬಾಂವ ಬಂದು ವಿಡಿಯೋ ಮಾಡಿ, ದೊಡ್ಡ ಕಾಟ್ಲಾ ಮೀನ ಎತ್ತಿ ತೋರಿಸಿ, ಕೆಳಗ ಲೊಕೇಶನ್ ಹಾಕ್ಯಾನ. ಮುಂದಿನ ರವಿವಾರ ಹೋದ್ರ ನಲವತ್ತ ಗಾಡಿ ನಿಂತಾವ್ರಿ. ನಲವತ್ತ ಗಾಡಿ ನಿಂತ್ರೂ ಅಡ್ಡಿ ಇಲ್ಲ, ನೀರು ಎಲ್ಲಾರದು, ಯಾರೂ ಬರಬ್ಯಾಡ್ರಿ ಅನ್ನೋ ಹಕ್ಕ ನನಗಿಲ್ಲ. ಆದ್ರ ಬಂದವ್ರು ಕುಡದು ಬಾಟ್ಲಿ ಕಲ್ಲಿಗೆ ಹೊಡದ ಹೋಗ್ತಾರ. ಮಳಿಗಾಲದಾಗ ನೀರ ಏರಿ ಆ ಚೂರೆಲ್ಲಾ ಮುಳಗತಾವು, ಬ್ಯಾಸಿಗ್ಯಾಗ ನೀರ ಇಳದ ಮ್ಯಾಲೆ ಎಮ್ಮಿ ಆ ಕೆಸರಾಗ ಹೋಗಿ ಮಲಗತಾವು. ಎಮ್ಮಿ ಕೆಚ್ಚಲಿಗೆ ಗಾಜ ಹೊಕ್ಕದ್ದ ನಾ ಕಣ್ಣಾರೆ ನೋಡೀನಿ, ಅದರ ಮನಿಯಾಕಿ ಆ ದಿವಸ ಹಾಲ ಹಿಂಡಲಿಲ್ಲ, ಎಮ್ಮಿ ಮುಂದ ಕುಂತ ಅತ್ತಾಳ.

ಇನ್ನೊಂದ, ಧುಪದಾಳದ ಕಡೆ ಹೋಗೋ ಹುಡುಗ್ರಿಗೆ ಹೇಳೋದು. ಅದು ಘಟಪ್ರಭಾ ಪಕ್ಷಿಧಾಮ, 1974 ರಿಂದ. ಅಲ್ಲಿ ಗಾಳ ಹಾಕಿದ್ರ ಅರಣ್ಯ ಇಲಾಖೆಯವ್ರು ಹಿಡೀತಾರ, ಹಿಡೀಬೇಕೂ ಹೌದು. ನಮಗ ಗೊತ್ತಿದ್ದಿಲ್ಲ ಅಂತ ಗೇಟಿನ್ಯಾಗ ನಿಂತ ಜಗಳ ಮಾಡಬ್ಯಾಡ್ರಿ.

---

ಹೊಸ_ರಾಡ್ (ವಿಜಯಪುರ)

ನಾ ಈ ವರ್ಷನೇ ಶುರು ಮಾಡೀನಿ, ಒಂದ ಮಾತ ಕೇಳ್ತೀನಿ ತಪ್ಪ ತಿಳಕೋಬ್ಯಾಡ್ರಿ. ದಾರ ಕೊಯ್ದದ್ದು, ಗಾಳ ಒಗದು ಹೋದದ್ದು ತಪ್ಪೇ ಅದ. ಆದ್ರ ಹಾಡ ಹಚ್ಚೋದ್ರಾಗ ಏನ ತಪ್ಪ? ಮೀನಿಗೆ ಕಿವಿ ಎಲ್ಲಿ ಅವ? ಮತ್ತ ಒಬ್ಬರು ಕುಂತ ಜಾಗದಿಂದ ಎಷ್ಟ ದೂರ ಕುಂಡ್ರಬೇಕು ಅಂತ ಎಲ್ಲೂ ಬರದಿಲ್ಲ, ಹೊಸಬ್ರಿಗೆ ಹೆಂಗ ತಿಳೀಬೇಕ್ರಿ. ನಾ ಹೋದಲ್ಲೆಲ್ಲಾ ಹಿರ್ಯಾರು ಮಾರಿ ಗಂಟ ಹಾಕ್ಕೊಂಡ ನೋಡ್ತಾರ, ಹೇಳಂಗಿಲ್ಲ.

---

ನೀರಕಾಗಿ (ವಿಜಯಪುರ)

ಅದಾವ ತಮ್ಮಾ, ಮೀನಿಗೆ ಕಿವಿ ಅದಾವ. ಹೊರಗ ಕಾಣಂಗಿಲ್ಲ, ತಲಿ ಒಳಗ ಅದಾವ. ಅದರಾಗೂ ನೀವ ಹಿಡಿಯೋ ರೋಹು, ಕಾಟ್ಲಾ, ಮೃಗಾಲ, ಬಾಳಿ ಮೀನ ಇವಕ್ಕೆಲ್ಲಾ ಹೊಟ್ಟ್ಯಾಗಿನ ಗಾಳಿ ಚೀಲದಿಂದ ಒಳಕಿವಿ ತನಕ ಸಣ್ಣ ಸಣ್ಣ ಎಲಬಿನ ಸಾಲ ಇರ್ತದ. ನೀರಾಗ ಸಪ್ಪಳ ಬಂತಂದ್ರ ಆ ಚೀಲ ನಡಗ್ತದ, ಎಲಬು ಆ ನಡಕಾನ ಕಿವಿಗೆ ಮುಟ್ಟಿಸ್ತಾವ. ಬ್ಯಾರೆ ಎಷ್ಟೋ ಜಾತಿ ಮೀನಕಿಂತ ಇವಕ್ಕ ಚೊಲೋ ಕೇಳಸ್ತದ.

ಗಾಳಿಯಾಗಿನ ಸಪ್ಪಳ ನೀರಿನ ಮ್ಯಾಲೆ ಬಡದು ಭಾಳಷ್ಟು ವಾಪಸ್ ಹೋಗ್ತದ, ಅದಕ್ಕ ನೀ ಮೆಲ್ಲಕ ಮಾತಾಡಿದ್ರ ಏನೂ ಆಗಂಗಿಲ್ಲ. ಆದ್ರ ಸ್ಪೀಕರ್ ಬಂಡಿಗಲ್ಲಿನ ಮ್ಯಾಲೆ ಇಟ್ಟಿ ಅಂದ್ರ ಕಲ್ಲ ನಡಗಿ ನೀರೂ ನಡಗ್ತದ. ದಡದಡ ಓಡೋದು, ಗಾಡಿ ಬಾಗಿಲ ಧಡ್ ಅಂತ ಹಾಕೋದು, ತೆಪ್ಪದಾಗ ಕಾಲ ಬಡಿಯೋದು ಹಂಗೇ. ಇನ್ನ ಮೀನಿನ ಮಾತ ಬಿಡು, ಅಲ್ಲಿ ಕುಂತ ಮನಷ್ಯಾಗೂ ಕಿವಿ ಅದಾವಲ್ಲಾ. ವಾರ ಪೂರ್ತಿ ಗದ್ಲದಾಗ ದುಡದು ಒಂದ ಮುಂಜಾನೆ ಸುಮ್ಮ ಕುಂಡ್ರಾಕ ಬಂದಿರ್ತಾರ.

---

ಹೆರಕಲ್_ದಂಡಿ

ಹೊಸ_ರಾಡ್ ತಮ್ಮಾ, ನೀ ಕೇಳಿದ್ದು ಚೊಲೋ ಆತು. ಬರದದ್ದು ಇಲ್ಲ ಖರೇ, ನಾವ ನಡಕೊಂಡ ಬಂದದ್ದ ಹೇಳ್ತೀನಿ. ಮೊದಲ ಬಂದಾಂವ ಎಡಕ್ಕ ಬಲಕ್ಕ ಎಲ್ಲಿ ತನಕ ಒಗೀತಾನ ಅನ್ನೋದ ನೋಡಬೇಕು, ಅದರ ಹೊರಗ ಕುಂಡ್ರಬೇಕು. ಸಣ್ಣ ಬಿದರ ಗಾಳ ಆದ್ರ ಹದಿನೈದ ಇಪ್ಪತ್ತ ಹೆಜ್ಜಿ ಸಾಕು, ರೀಲಿನ ರಾಡ್ ಆದ್ರ ಐವತ್ತ ಹೆಜ್ಜಿ. ನೇರ ಮುಂದಕ್ಕ ಒಗೀಬೇಕು, ಸೊಟ್ಟ ಒಗೀಬಾರ್ದು. ಜಾಗ ಕಡಿಮಿ ಇದ್ರ, ಅಣ್ಣಾರ ಇಲ್ಲಿ ಕುಂಡ್ರಲ್ಯಾ ಅಂತ ಒಂದ ಮಾತ ಕೇಳಿದ್ರ ಬ್ಯಾಡ ಅನ್ನೋ ಮನಷ್ಯಾನ್ನ ನಾ ಇನ್ನೂ ನೋಡಿಲ್ಲ. ಬಾಜೂದಾವನಿಗೆ ದೊಡ್ಡ ಮೀನ ಬಿತ್ತಂದ್ರ ನಮ್ಮ ದಾರ ಲಗೂನ ಸುತ್ತಕೊಂಡ ಅವನಿಗೆ ಹಾದಿ ಬಿಡಬೇಕು. ಸಿಕ್ಕ ಬಿದ್ರ ಇಬ್ಬರೂ ರೀಲ ಸಡ್ಲ ಬಿಟ್ಟು ಒಬ್ಬಾಂವ ಕುಂತ ಬಿಡಸಬೇಕು, ಕೊಯ್ಯಾಕೇ ಬೇಕಂದ್ರ ಆಮ್ಯಾಲೆ ಬಂದಾಂವ ತಂದು ಕೊಯ್ಕೋಬೇಕು.

ಮಾರಿ ಗಂಟ ಹಾಕ್ಕೊಂತಾರ ಅಂದ್ಯಲ್ಲಾ, ಅದು ನಮ್ಮ ತಪ್ಪ ಐತಿ. ಹೇಳಿದ್ರ ಎಲ್ಲಿ ಜಗಳ ಆಗ್ತೈತೋ ಅಂತ ನಾವೂ ಸುಮ್ಮ ಕುಂಡ್ರತೀವಿ.

---

ಹೊಳಿಸಾಲ_ಅಂಬಿಗ (ಕೊಲ್ಹಾರ)

ನಾವು ಗಾಳದವ್ರಲ್ಲ, ಬಲಿಯವ್ರು. ಹೊಳಿ ಮ್ಯಾಲೆ ಹೊಟ್ಟಿ ಹೊರಿಯೋ ಮಂದಿ. ನಮ್ಮಜ್ಜ ಹರಗೋಲ ಹಾಕತಿದ್ದ, ಆಲಮಟ್ಟಿ ನೀರ ಬಂದ ಮ್ಯಾಲೆ ನಮ್ಮಪ್ಪ ಬಲಿ ಹಿಡದ, ಈಗ ನಾನು. ನೀವೆಲ್ಲಾ ಬರದದ್ದ ಓದಿದೆ, ನಮ್ಮದೂ ಒಂದೀಟ ಕೇಳ್ರಿ.

ಸಂಜೀ ಐದಕ್ಕ ತೆಪ್ಪ ತಗೊಂಡ ಹೋಗಿ ಬಲಿ ಬಿಟ್ಟ ಬರ್ತೀವಿ, ಮುಂಜಾನೆ ಕತ್ತಲದಾಗ ಎತ್ತಾಕ ಹೋಗ್ತೀವಿ. ಬಲಿ ಎಲ್ಲೈತಿ ಅಂತ ಗುರ್ತಿಗೆ ಖಾಲಿ ಎಣ್ಣಿ ಕ್ಯಾನ್ ಕಟ್ಟಿರ್ತೀವಿ. ಬ್ರಿಜ್ ಮ್ಯಾಲಿಂದ, ದಂಡಿಯಿಂದ ಗಾಳ ಒಗಿಯೋರು ಕ್ಯಾನ್ ಕಂಡ್ರೂ ಅದರ ಮ್ಯಾಲೇ ಒಗೀತಾರ, ಯಾಕಂದ್ರ ಬಲಿ ಇದ್ದಲ್ಲಿ ಮೀನ ಇರತೈತಿ ಅಂತ ಅವರ ಲೆಕ್ಕ. ಗಾಳ ಬಲಿಗೆ ಸಿಕ್ಕತು ಅಂದ್ರ ಜೋರ ಮಾಡಿ ಜಗ್ಗತಾರ. ಅವರ ಗಾಳ ಹತ್ತ ಇಪ್ಪತ್ತ ರೂಪಾಯಿದು. ನಮ್ಮ ಬಲಿ ಸಾವಿರಾರು ರೂಪಾಯಿದು, ಸಾಲ ಮಾಡಿ ತಂದದ್ದು. ಒಂದ ಕಡೆ ಹರೀತಂದ್ರ ಅಲ್ಲಿಂದ ಮೀನ ಎಲ್ಲಾ ಹೊಂಟ ಹೋಗ್ತಾವು.

ಹೋದ ತಿಂಗಳ ಹಿಂಗ ಹರದ ಬಲಿ ತಂದು ಮನಿ ಮುಂದ ಹರವಿ, ನಾನು ನಮ್ಮಾಕಿ ಕಂಬದ ಲೈಟಿನ ಬೆಳಕಿಗೆ ಕುಂತು ಹೊಲದಿವಿ. ಬಲಿ ಸೂಜಿಗೆ ದಾರ ಸುತಗೊಂಡು, ಎರಡ ಬಟ್ಟಿನ ಅಳತಿ ಇಟ್ಟು ಒಂದೊಂದ ಕಣ್ಣ ಕಟ್ಟಬೇಕು, ಒಂದ ಕಣ್ಣ ಸಣ್ಣದಾದ್ರ ಬಲಿ ಅಲ್ಲೇ ಮುದುಡತೈತಿ. ಆಕಿ ಕಟ್ಟಕೋತ ಹೋದಂಗ ನಾನು ಒಳಗ ಸಿಕ್ಕ ಗಾಳ ಬಿಡಿಸಿ ತಗೀತಿದ್ದೆ. ಏಳ ಗಾಳ ಸಿಕ್ಕವ್ರೀ ಒಂದ ಬಲ್ಯಾಗ. ಕತ್ತಲದಾಗ ಬಲಿ ಎತ್ತುವಾಗ ನಾವು ಕೈಲೇ ಎತ್ತತೀವಿ, ಕಣ್ಣಿಗೆ ಏನೂ ಕಾಣಂಗಿಲ್ಲ. ಬಟ್ಟಿನ ಸಂದ್ಯಾಗ ಆ ಗಾಳ ಹೊಕ್ಕರ ನಡುನೀರಾಗ ತೆಪ್ಪದ ಮ್ಯಾಲೆ ಒಬ್ಬಾವ ಇರ್ತೀನಿ.

ಇನ್ನ ಕೆಲವ್ರಂತೂ ನಾವ ಬರೋದ್ರಾಗ ಬಲಿ ಎತ್ತಿ ಮೀನ ತಗೊಂಡ ಹೋಗ್ಯಾರ. ಅದು ನಮ್ಮ ಮಕ್ಕಳ ಸಾಲಿ ಫೀ.

---

ಹೊಸ_ರಾಡ್

ಅಣ್ಣಾರ ಬಲಿ ಮ್ಯಾಲೆ ಒಗಿಯೋದ ತಪ್ಪ, ಒಪ್ಪತೀನಿ. ಆದ್ರ ಒಂದೊಂದ ಕಡೆ ಇಡೀ ಒಡ್ಡು ಬಳಸಿ ದಂಡಿಗೆ ಹತ್ತಿಕೊಂಡೇ ಬಲಿ ಕಟ್ಟಿರ್ತಾರಲ್ಲಾ, ಅಲ್ಲಿ ನಾವೆಲ್ಲಿ ಒಗೀಬೇಕು? ಮತ್ತ ಸೊಳ್ಳಿ ಪರದಿಯಂಥಾ ಸಣ್ಣ ಬಲ್ಯಾಗ ಬಟ್ಟಿನಷ್ಟ ಮರಿ ಎಲ್ಲಾ ಬಳಕೊಂಡ ಹೋಗೋದ ನಾ ನೋಡೀನಿ.

---

ಹೊಳಿಸಾಲ_ಅಂಬಿಗ

ಖರೇ ಐತಿ ತಮ್ಮಾ, ನಮ್ಮೊಳಗೂ ಅಂಥವ್ರು ಅದಾರ, ನಾ ಮುಚ್ಚಿ ಇಡಂಗಿಲ್ಲ. ಸೊಳ್ಳಿ ಪರದಿ ಬಲಿ ಹಾಕೋರ ಸಂಗಾಟ ನಾವೇ ಜಗಳಾಡೀವಿ. ರೋಹು ಕಾಟ್ಲಾ ನಿಂತ ನೀರಾಗ ತತ್ತಿ ಇಡಂಗಿಲ್ಲ, ಮಳಿಗಾಲದಾಗ ಹೊಸ ನೀರ ಹರಿಯುವಾಗ ಮ್ಯಾಲಕ್ಕ ಈಜಿ ಹೋಗಿ ಇಡತಾವು. ತತ್ತಿ ಲಕ್ಷಗಟ್ಟಲೆ ಇಟ್ರೂ ದೊಡ್ಡವಾಗೋವು ಥೋಡೆ. ಅದಕ್ಕೇ ಇಲಾಖೆಯವ್ರು ವರ್ಷಾ ಮರಿ ತಂದ ಬಿಡೋದು. ಬಿಟ್ಟ ಮರಿ ಎರಡ ತಿಂಗಳಾಗ ಬಳಕೊಂಡ್ರ ನಮ್ಮ ಕೈಯಾರೆ ನಮ್ಮ ಬುತ್ತಿ ಚೆಲ್ಲಿಕೊಂಡಂಗ.

ದಂಡಿಗೆ ಹತ್ತಿ ಬಲಿ ಕಟ್ಟೋದು ನಾನೂ ಒಪ್ಪಂಗಿಲ್ಲ, ನಮ್ಮ ಓಣಿಯೊಳಗ ಈ ಮಾತ ಇಡ್ತೀನಿ. ಅದರ ಬದಲಿ ನೀವು ಬಲಿ ಕಂಡ ಕೂಡ್ಲೆ ಥೋಡೆ ಸರದ ಕುಂಡ್ರಿ. ಗಾಳ ಸಿಕ್ಕರ ಜಗ್ಗಬ್ಯಾಡ್ರಿ, ನಮ್ಮನ್ನ ಕೂಗ್ರಿ, ತೆಪ್ಪ ತಂದ ಬಿಡಿಸಿ ಕೊಡ್ತೀವಿ. ನಾವು ನಿಮ್ಮ ವೈರಿಗಳಲ್ಲ.

---

ಹಿಪ್ಪರಗಿ_ಕಡೆಯವ (ಜಮಖಂಡಿ)

ಸಣ್ಣ ಸಣ್ಣವು ನಾ ಹೇಳ್ತೀನಿ. ಕುಂತಾಗ ಹಿಂದ ಬಂದು ನಿಂತು ಏನ ಸಿಕ್ತು ಏನ ಸಿಕ್ತು ಅಂತ ಐದ ನಿಮಿಷಕ್ಕೊಮ್ಮಿ ಕೇಳೋದು, ಚೀಲ ಕೇಳಲಾರದ ಬಿಚ್ಚಿ ನೋಡೋದು, ಬೆಂಡಿನ ಮ್ಯಾಲೆ ಹುಡುಗ್ರು ಕಲ್ಲ ಒಗಿಯೋದು, ಕಾರ ಸೀದಾ ನೀರಾಗ ಇಳಿಸಿ ಸೋಪ ಹಚ್ಚಿ ತೊಳಿಯೋದು. ಮತ್ತ ಮೀನ ಕೊಯ್ದು ಕರಳು ಪೊರೆ ಎಲ್ಲಾ ಘಾಟಿನ ಮೆಟ್ಟಲ ಮ್ಯಾಲೆ ಬಿಟ್ಟ ಹೋಗೋದು. ಇದು ಸಣ್ಣದಲ್ಲ ಹಂಗ ನೋಡಿದ್ರ. ನಮ್ಮ ಕೃಷ್ಣಾ ಹೊಳ್ಯಾಗ ಮೊಸಳಿ ಅದಾವ್ರಿ. ಘಾಟಿನ್ಯಾಗ ದಿನಾ ಮೀನಿನ ಕರಳ ಬಿತ್ತಂದ್ರ ಮೊದಲ ನಾಯಿ ಬರ್ತಾವು, ನಾಯಿ ಹಿಂದ ಮೊಸಳಿ ರೂಢಿ ಬೀಳತೈತಿ. ಆ ಮೆಟ್ಟಲ ಮ್ಯಾಲೆ ನಮ್ಮ ಹೆಣಮಕ್ಕಳು ಅರಬಿ ಒಗ್ಯಾಕ ಕುಂಡ್ರತಾರ. ಕೊಯ್ದ ಕರಳು ತೆಗ್ಗ ತೋಡಿ ಹುಗೀರಿ, ಹತ್ತ ನಿಮಿಷದ ಕೆಲಸ.

---

ಮುನವಳ್ಳಿ_ಅಕ್ಕ

ಅರಬಿ ಒಗಿಯೋರ ಮಾತ ತಗದ್ರಲ್ಲಾ ಅಣ್ಣಾರ, ಅದಕ್ಕ ನಾನೂ ಬರೀತೀನಿ. ನಮ್ಮಪ್ಪ ಗಾಳ ಹಾಕಾಂವ, ಸಣ್ಣಾಕಿ ಇದ್ದಾಗಿಂದ ನನ್ನ ಕರಕೊಂಡ ಹೋಗ್ತಿದ್ದ, ಮಲಪ್ರಭಾ ಹೊಳಿ ಮಡುವಿನ್ಯಾಗ. ಎರೆಹುಳ ಪೋಣಿಸೋದು, ಬೆಂಡ ಮುಳುಗಿದ ಕೂಡ್ಲೆ ಎಳೀಬಾರ್ದು ಎರಡನೇ ಜಗ್ಗಿಗೆ ಎಳೀಬೇಕು ಅನ್ನೋದು, ಎಲ್ಲಾ ಅಪ್ಪನೇ ಕಲಿಸಿದ್ದು. ಈಗ ಅಪ್ಪಗ ಮೊಣಕಾಲ ನೋವು, ಬರಾಕ ಆಗಂಗಿಲ್ಲ. ನಾನು ಒಬ್ಬಾಕಿ ಹೋಗಾಕ ಆಗವಲ್ದು. ಯಾಕಂದ್ರ ಮಡುವಿನ ದಂಡಿಗೆ ಸಂಜೀಕ ಹೋದ್ರ ಕುಡಿಯಾಕ ಕುಂತವ್ರು, ಮುಂಜಾನೆ ಹೋದ್ರ ರಾತ್ರಿ ಕುಡದ ಬಾಟ್ಲಿ. ಹೆಣಮಗಳು ಗಾಳ ಹಿಡದು ಕುಂತಾಳ ಅಂತ ಫೋಟೋ ಹೊಡಿಯೋದು, ಹಿಂದ ನಿಂತ ನಗೋದು. ಗಾಳ ಬಿಡ್ರಿ, ನೀರ ತರಾಕ, ಅರಬಿ ಒಗ್ಯಾಕ ಹೋಗೋರೂ ಹೊತ್ತ ನೋಡಿ ಹೋಗೋಹಂಗ ಆಗೇತಿ. ಮೀನ ಹಿಡ್ಯಾಕ ಬರ್ತೀವಿ ಅಂತ ಮನ್ಯಾಗ ಹೇಳಿ ಕುಡ್ಯಾಕ ಬರೋರಿಂದ ಖರೇ ಗಾಳದವ್ರ ಹೆಸರೂ ಕೆಡತೈತಿ. ನಮ್ಮೂರಾಗ ಈಗ ಗಾಳದ ಮಂದಿ ಅಂದ್ರ ಹಿರ್ಯಾರು ಮಕ್ಕಳನ್ನ ಆ ಕಡೆ ಕಳಸಂಗಿಲ್ಲ.

ಇನ್ನೊಂದ ಐತಿ, ಇದಕ್ಕ ಎಲ್ಲಾದಕಿಂತ ನನಗ ಹೆದರಿಕಿ. ನವಿಲುತೀರ್ಥದಿಂದ ನೀರ ಬಿಡೋದ ನಿಂತ ಮ್ಯಾಲೆ ಬ್ಯಾಸಿಗ್ಯಾಗ ಹೊಳಿ ಒಣಗಿ ಅಲ್ಲಲ್ಲೆ ಮಡು ಉಳೀತಾವು. ಹೊಳ್ಯಾಗಿನ ಮೀನ ಎಲ್ಲಾ ಆ ಮಡುವಿನ್ಯಾಗ ಬಂದ ಕೂಡಿರ್ತಾವು. ಆವಾಗ ಬ್ಲೀಚಿಂಗ್ ಪೌಡರ್ ಹಾಕತಾರ. ಒಂದ ರಾತ್ರ್ಯಾಗ ಮಡು ಪೂರ್ತಿ ಮೀನ ಹೊಟ್ಟಿ ಮ್ಯಾಲೆ ಮಾಡಿ ತೇಲತಾವು, ದೊಡ್ಡವನ್ನ ಆರಿಸ್ಕೊಂಡ ಹೋಗ್ತಾರ, ಉಳದದ್ದು ನಾರತೈತಿ. ಅದೇ ಮಡುವಿನ ನೀರ ದನ ಕುಡೀತಾವು, ಊರ ಕುಡೀತೈತಿ. ಹೋದ ಬ್ಯಾಸಿಗ್ಯಾಗ ಹೋದಾಗ ಬಟ್ಟಿನಷ್ಟ ಕೊರವ ಮೀನಿನ ಮರಿ ಸಾಲಾಗಿ ದಂಡಿಗೆ ಬಂದ ಬಿದ್ದಿದ್ವು, ಅದರ ತಾಯಿ ಮೀನ ಇನ್ನೂ ಬಾಯಿ ಕಳದು ಮುಚ್ಚಿ ಮಾಡಾಕ ಹತ್ತಿತ್ತು. ಕೊರವ ತನ್ನ ಮರಿ ಬಿಟ್ಟ ಹೋಗಂಗಿಲ್ಲ ಅಂತ ಅಪ್ಪ ಹೇಳ್ತಿದ್ದ, ಮರಿ ಕಾಯೋ ಕೊರವಕ್ಕ ಎಂದೂ ಗಾಳ ಹಾಕಿಲ್ಲ ಅಂವ.

---

ಗೋಕಾಕ_ಗಾಳ

ಅಕ್ಕಾರ, ನಿಮ್ಮ ಕಡೆ ಪೌಡರ್ ಆದ್ರ ನಮ್ಮ ಕಡೆ ಕರೆಂಟ್. ಬ್ಯಾಟರಿ, ಇನ್ವರ್ಟರ್ ಹೊತಗೊಂಡ ಬಂದು ಎರಡ ವಾಯರ್ ನೀರಾಗ ಬಿಡತಾರ. ಕಲ್ಲಿನ ಖಣಿಯಿಂದ ಜಿಲೆಟಿನ್ ತಂದು ತೋಟಿ ಹಾರಿಸೋರೂ ಅದಾರ. ತೋಟಿ ಹಾರಿಸಿದ್ರ ಮೀನಿನ ಗಾಳಿ ಚೀಲ ಒಡೀತೈತಿ, ಭಾಳಷ್ಟು ತಳಕ್ಕ ಹೋಗಿ ಬೀಳತಾವು, ಮ್ಯಾಲೆ ತೇಲಿದ್ದು ಅರ್ಧಾನೂ ಇರಂಗಿಲ್ಲ. ಇದಕ್ಕ ಕಾಯ್ದೆ ಇಲ್ಲಂತ ತಿಳಕೊಂಡ್ರ ತಪ್ಪ. ಬ್ರಿಟಿಷರ ಕಾಲದ 1897 ರ ಮೀನುಗಾರಿಕೆ ಕಾಯ್ದ್ಯಾಗೇ ಮದ್ದು ಹಾರಿಸೋದು, ವಿಷ ಹಾಕೋದು ಅಪರಾಧ ಅಂತೈತಿ. ನಮ್ಮ ರಾಜ್ಯದ್ದು 1996 ರ ಒಳನಾಡು ಮೀನುಗಾರಿಕೆ ಕಾಯ್ದೆ ಐತಿ. ಕಂಡ್ರ ಪೊಲೀಸರಿಗೆ ಫೋನ್ ಹಚ್ರಿ, ದೂರದಿಂದ ಗಾಡಿ ನಂಬರ್ ತಗೊಳ್ರಿ, ಎದುರ ಹೋಗಬ್ಯಾಡ್ರಿ. ಕರೆಂಟ್ ಬಿಟ್ಟ ನೀರಾಗ ಯಾರೂ ಇಳೀಬ್ಯಾಡ್ರಿ, ಮೀನಿಗೆ ಹತ್ತೋದು ಮನಷ್ಯಾಗೂ ಹತ್ತತೈತಿ.

---

ಮುಳುಗಿದೂರು (ಬೀಳಗಿ ತಾಲೂಕ)

ನಾ ಸಾಮಾನ್ಯ ಬರಿಯಾಂವಲ್ಲ, ಮೊಮ್ಮಗ ಓದಿ ಹೇಳ್ದ, ಅವನ ಕೈಲೇ ಬರಸಾಕತ್ತೀನಿ.

ನಮ್ಮೂರು ಹಿನ್ನೀರಾಗ ಹೋತು. ಈಗ ನಾವಿರೋದು ಪುನರ್ವಸತಿ ಕೇಂದ್ರದಾಗ. ಮಳಿಗಾಲ ಮುಗದು ಆಲಮಟ್ಟಿ ತುಂಬಿ 519.60 ಮೀಟರಿಗೆ ಬಂದಾಗ ನಮ್ಮೂರ ಜಾಗದಾಗ ಬರೇ ನೀರ, ಏನೂ ಕಾಣಂಗಿಲ್ಲ. ಏಪ್ರಿಲ್ ಮೇದಾಗ ನೀರ ಇಳೀತು ಅಂದ್ರ ಗುಡಿ ಕಟ್ಟಿ ಮ್ಯಾಲೆ ಬರತೈತಿ, ಬಾವಿ ಗಡ್ಡಿ ಕಾಣತೈತಿ, ನಮ್ಮ ಮನಿ ಪಾಯಾ ಕಾಣತೈತಿ. ಆವಾಗ ನಾವು ಹಳೇ ಮಂದಿ ಹೋಗಿ ಬರ್ತೀವಿ. ಗುಡಿ ಕಟ್ಟಿಗೆ ನೀರ ಹಾಕಿ ತೊಳದು, ಕಾಯಿ ಒಡದು, ಅಲ್ಲೇ ರೊಟ್ಟಿ ಬುತ್ತಿ ಬಿಚ್ಚಿ ಉಂಡ ಬರ್ತೀವಿ.

ಹೋದ ವರ್ಷ ಹೋದ್ರ ಗುಡಿ ಕಟ್ಟಿ ಮ್ಯಾಲೆ ಮೂರ ಕಲ್ಲ ಹೂಡಿ ಮೀನ ಕರದಾರ, ಕಲ್ಲ ಕರೀ ಆಗ್ಯಾವು. ಎಲಬು, ಪ್ಲಾಸ್ಟಿಕ್ ಗ್ಲಾಸು, ಬಾಟ್ಲಿ. ಅವರಿಗೆ ಅದು ಕುಂಡ್ರಾಕ ಚೊಲೋ ಎತ್ತರದ ಕಟ್ಟಿ ಅಷ್ಟೆ, ಅವ್ರು ಬೇಕಂತ ಮಾಡಿಲ್ಲ, ನನಗೂ ತಿಳೀತೈತಿ. ಆದ್ರ ಹಿನ್ನೀರಾಗ ಎಲ್ಲೇ ಕಲ್ಲಿನ ಕಟ್ಟಿ ಕಂಡ್ರೂ, ಅದ ಯಾರದೋ ಊರ ಇತ್ತಂತ ತಿಳೀರಿ. ನಿಮ್ಮ ಗಾಳ ತಳದಾಗ ಸಿಕ್ಕ ಬೀಳತಾವಲ್ಲಾ, ಅದು ಜಾಲಿ ಬೊಡ್ಡಿ ಇರಬಹುದು, ನಮ್ಮ ಮನಿ ತೊಲಿನೂ ಇರಬಹುದು.

ಕಡ್ಲಿ ಮ್ಯಾಲೆ ಜೀಪ ಹಾಸಿದ್ದರ ಬಗ್ಗೆ ಮೊದಲ ಬರದಾರ. ಆ ಜಮೀನ ಸರಕಾರದ್ದು, ಯಾರದೂ ಅಲ್ಲ ಅಂತ ಅವ್ರು ಅಂದಿರ್ತಾರ. ನೀರ ಸರದ ಮ್ಯಾಲೆ ಅಲ್ಲಿ ಬಿತ್ತೋರು ಹೊಲ ಕಳಕೊಂಡವ್ರು. ಮೂರ ತಿಂಗಳ ಬೆಳಿ ಅದು.

---

ಹೆರಕಲ್_ದಂಡಿ

ಅಜ್ಜಾರ, ನಿಮ್ಮ ಮಾತ ಎರಡ ಸಲ ಓದಿದೆ. ನಾನೂ ಬ್ಯಾಸಿಗ್ಯಾಗ ಅಂಥಾ ಕಟ್ಟಿ ಮ್ಯಾಲೆ ಕುಂತ ಬುತ್ತಿ ಉಂಡೀನಿ, ಚಪ್ಪಲಿ ಬಿಡಬೇಕಂತ ಹೊಳದಿದ್ದಿಲ್ಲ. ಇನ್ನ ಮ್ಯಾಲೆ ಬಿಡ್ತೀನ್ರೀ.

---

ನೀರಕಾಗಿ

ನಾ ಮೀನ ಹಿಡಿಯಾಂವಲ್ಲ, ಪಕ್ಷಿ ನೋಡಾಂವ, ಆದ್ರ ದಂಡಿ ನಮ್ಮಿಬ್ಬರದೂ ಒಂದೇ. ಚಳಿಗಾಲದಾಗ ಹೆರಕಲ್, ಅನಗವಾಡಿ ಕಡೆ ಹಿನ್ನೀರಿಗೆ ರಾಜಹಂಸ ಬರ್ತಾವ, ಸಾವಿರ ಮೈಲಿಂದ ಕ್ರೌಂಚ ಬರ್ತಾವ. ಅವು ತೆಳು ನೀರಾಗ, ದಂಡಿ ಕೆಸರಾಗ ನಡದಾಡೋ ಹಕ್ಕಿ. ಬಿಟ್ಟ ಹೋದ ನೈಲಾನ್ ದಾರ ಅದೇ ಕೆಸರಾಗ ಇರ್ತದ.

ಭೂತನಾಳ ಕೆರಿಯೊಳಗ ಎರಡ ವರ್ಷದ ಹಿಂದ ಒಂದ ನೀರಕಾಗಿ ನೋಡಿದೆ, ನನ್ನ ಹೆಸರು ಅಲ್ಲಿಂದಾನೇ ಬಂದದ್ದು. ರೆಕ್ಕಿ ಒಣಗಿಸ್ಕೋಬೇಕಂತ ಕಲ್ಲಿನ ಮ್ಯಾಲೆ ಕುಂತಿತ್ತು, ಒಂದ ರೆಕ್ಕಿ ಬಿಚ್ಚತದ, ಇನ್ನೊಂದ ಬಿಚ್ಚಾಕ ಬರವಲ್ದು. ಹತ್ತರ ಹೋದ್ರೂ ಹಾರಲಿಲ್ಲ. ದಾರ ರೆಕ್ಕಿ ಬುಡಕ್ಕ ಎರಡ ಸುತ್ತ ಸುತ್ತಿ, ಅಲ್ಲಿಂದ ಕಾಲಿಗೆ ಬಂದು, ಬಟ್ಟಿನ ನಡುವಿನ ಪದರದಾಗ ಹೊಕ್ಕಿತ್ತು. ಚರ್ಮ ಕೊಯ್ದು ಎಲಬಿನ ತನಕ ಹೋಗಿತ್ತು, ದಾರದ ಮ್ಯಾಲೆ ಮಾಂಸ ಬೆಳದಿತ್ತು. ಅಂದ್ರ ಎಷ್ಟ ದಿವಸದಿಂದ ಹಂಗೇ ಈಜ್ಯಾಡಿತ್ತೋ. ಟವೆಲ್ ಹಾಕಿ ಹಿಡದು ಉಗರ ಕತ್ತರಿಯಿಂದ ಕೊಯ್ದೆ. ಬಿಟ್ಟ ಮ್ಯಾಲೆ ನೀರಿಗೆ ಇಳೀತು, ಮುಳಗಲಿಲ್ಲ, ಮ್ಯಾಲೆ ತೇಲ್ಕೋತ ಹೋತು.

ನೈಲಾನ್ ಕೊಳಿಯೋದಲ್ಲ. ಇವತ್ತ ಬಿಟ್ಟ ದಾರ ನಿಮ್ಮ ಮೊಮ್ಮಕ್ಕಳ ಕಾಲದಾಗೂ ಅಲ್ಲೇ ಇರ್ತದ. ದಾರ ಉಳದ್ರ ಕೈಗೆ ಸುತ್ತಿ, ಗೇಣಿಗೊಂದ ತುಂಡ ಕತ್ತರಿಸಿ, ನೀರಿನ ಬಾಟ್ಲಿ ಒಳಗ ಹಾಕಿ ಬೂಚ ಬಿಗೀರಿ. ಗಾಳನೂ ಅದರಾಗೇ ಹಾಕ್ರಿ.

---

ಹಿಪ್ಪರಗಿ_ಕಡೆಯವ

ಬಾಟ್ಲಿ ಐಡಿಯಾ ಚೊಲೋ ಐತ್ರಿ. ನಾ ಇನ್ನೊಂದ ಮಾಡ್ತೀನಿ, ಗಾಳದ ತುದಿಗೆ ಹಿಂದಕ್ಕ ಬಾಗಿದ ಸಣ್ಣ ಮುಳ್ಳ ಇರತೈತಲ್ಲಾ ಅದನ್ನ ಇಕ್ಕಳದಿಂದ ಒತ್ತಿ ಬಿಡ್ತೀನಿ. ದಾರ ಬಿಗಿ ಹಿಡದ್ರ ಮೀನ ತಪ್ಪಂಗಿಲ್ಲ. ಸಣ್ಣ ಮೀನ ಬಂದ್ರ ಬಾಯಿ ಹರೀಲಾರದ ಬಿಡಿಸಿ ನೀರಿಗೆ ಬಿಡಾಕ ಬರತೈತಿ, ಮತ್ತ ಯಾರ ಕಾಲಿಗೆ ಹೊಕ್ಕರೂ ಸಲೀಸ ಹೊರಗ ಬರತೈತಿ.

---

ಹೊಸ_ರಾಡ್

ಹೆರಕಲ್ ಅಣ್ಣಾರ, ನಾ ಒಂದ ಮಾತ ಹೇಳ್ತೀನಿ. ಆ ಜೀಪಿನ ಹುಡುಗ್ರು ನಾವಲ್ಲ, ಆದ್ರ ನವೆಂಬರದಾಗ ಕೊಲ್ಹಾರ ಬ್ರಿಜ್ ಹತ್ತರ ನನ್ನ ಗಾಳ ಒಂದ ಬಲಿಗೆ ಸಿಕ್ಕಿತ್ತು, ನಾ ಜಗ್ಗಿ ಹರಕೊಂಡ ಬಂದಿದ್ದೆ. ಎಷ್ಟ ಹರೀತು ಅಂತ ನೋಡಲಿಲ್ಲ. ಅಂಬಿಗ ಅಣ್ಣಾರ ಬಲಿ ಹೊಲದದ್ದ ಓದಿದ ಮ್ಯಾಲೆ ಆ ಸಪ್ಪಳ ನೆನಪಾತು, ದಾರ ಒಂದೊಂದ ಪಟ್ ಪಟ್ ಅಂತ ಹರದದ್ದು. ಅದು ನಿಮ್ಮದೇ ಇತ್ತೋ ಬ್ಯಾರೆಯವ್ರದೋ ಗೊತ್ತಿಲ್ಲ. ಬಲಿದ ಖರ್ಚ ಎಷ್ಟ ಅಂತ ಹೇಳ್ರಿ, ನಾ ಕೊಡ್ತೀನಿ.

---

ಹೊಳಿಸಾಲ_ಅಂಬಿಗ

ರೊಕ್ಕ ಬ್ಯಾಡ ತಮ್ಮಾ. ನಾ ಹೋದ ತಿಂಗಳ ಹೊಲದದ್ದು, ನಿಂದು ನವೆಂಬರದ್ದು, ಬ್ಯಾರೆ ಬಲಿ ಇರಬೇಕು. ಒಂದ ರವಿವಾರ ಬಾ, ಮುಂಜಾನೆ ನಾಕಕ್ಕ ಬಲಿ ಎತ್ತಾಕ ತೆಪ್ಪದಾಗ ಕರಕೊಂಡ ಹೋಗ್ತೀನಿ, ಈಜು ಬರತೈತೋ ಇಲ್ಲೋ ಮೊದಲ ಹೇಳು.

---

ಹೊಸ_ರಾಡ್

ಬರ್ತದ್ರಿ ಅಣ್ಣಾರ. ಬರ್ತೀನಿ. ಒಂದ ಕೇಳೋದ ಅದ, ದಂಡಿಯಿಂದ ನೋಡಿದ್ರ ಬಲಿ ಎಲ್ಲಿಂದ ಎಲ್ಲಿ ತನಕ ಅದ ಅಂತ ಹೆಂಗ ಗುರ್ತ ಹಿಡೀಬೇಕು? ಬರೇ ಒಂದ ಕ್ಯಾನ್ ಕಾಣಸ್ತದ, ಉಳದದ್ದು ತಿಳಿಯಂಗಿಲ್ಲ.

---

ಹೊಳಿಸಾಲ_ಅಂಬಿಗ

ಎರಡ ಕ್ಯಾನ್ ಇರ್ತಾವು, ಒಂದ ಈ ತುದಿಗೆ ಒಂದ ಆ ತುದಿಗೆ. ನಡುವ ಸಣ್ಣ ಸಣ್ಣ ಥರ್ಮಾಕೋಲ್ ತುಂಡ ಸಾಲಾಗಿ ಇರ್ತಾವು, ಬಿಸಲ ಏರಿದ ಮ್ಯಾಲೆ ಹೊಳೀತಾವು, ಮುಂಜಾನೆ ಮಂಜಿನ್ಯಾಗ ಕಾಣಂಗಿಲ್ಲ. ಅದಕ್ಕ ಮಂಜ ಇದ್ದಾಗ ಕ್ಯಾನ್ ಒಂದೇ ಕಂಡ್ರ ಎರಡೂ ಕಡೆ ಬಿಟ್ಟ ಕುಂಡ್ರಿ. ನಾನು ಇವತ್ತಿಂದ ನನ್ನ ಎರಡೂ ಕ್ಯಾನಿಗೆ ಉದ್ದ ಕೋಲ ಕಟ್ಟಿ ಮ್ಯಾಲೆ ಕೆಂಪ ಅರಬಿ ಹಾಕತೀನಿ, ಕೆಂಪ ಕಂಡ್ರ ಅದು ನಂದಂತ ತಿಳೀರಿ. ಓಣಿ ಮಂದಿಗೂ ಹೇಳೀನಿ, ಮೂರ ಮಂದಿ ಹೂಂ ಅಂದಾರ.

---

ಹೆರಕಲ್_ದಂಡಿ

ಇವತ್ತ ಸಂಜೀಕ ಹುಡುಗನ ಮನಿಗೆ ಹೋಗಿ ಬಂದೆ. ಪಟ್ಟಿ ಬಿಚ್ಚ್ಯಾರ, ಗಾಯ ಒಣಗೇತಿ, ನಾಳೆಯಿಂದ ಕುರಿ ಹಿಂದ ಹೋಗ್ತಾನಂತ. ಅವರವ್ವ ಚಾ ಮಾಡಿ ಕೊಟ್ಲು. ಗಾಳ ಹಾಕೋದ ಕಲಸ್ತೀರೇನ ಕಾಕಾ ಅಂತ ಕೇಳ್ದ. ಹೂಂ ಅಂದೀನಿ. ರವಿವಾರ ಆರಕ್ಕ ದಂಡಿಗೆ ಬರ್ತಾನ, ಅದಕ್ಕೂ ಮೊದಲ ನಾ ಐದಕ್ಕ ಹೋಗಿ ಬ್ಯಾಟರಿ ಹಚ್ಚಿ ಕೆಸರ ನೋಡಬೇಕು. ಬರೋರಿದ್ರ ಬರ್ರಿ, ಖಾಲಿ ಬಾಟ್ಲಿ ತರ್ರಿ, ಗಾಡಿ ಡಾಂಬರ ರೋಡಿಗೇ ಬಿಡ್ರಿ, ಕಡ್ಲಿ ಈಗ ಕಾಯಿ ಕಟ್ಟಾಕತ್ತೇತಿ.